ಪೈಪಿಗೊಂದು ಪಟ್ಟಿ, ಕಾಲಿಗೊಂದು ಪಟ್ಟಿ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಕಾಂಪೌಂಡು ಗೋಡೆ. ಈ ಕಡೆಯಿಂದ ಅದರ ಮೇಲೆ ನನ್ನ ಕಾಫಿ ಲೋಟ, ಆ ಕಡೆಯಿಂದ ಅವರ ಬಟ್ಟೆ ಕ್ಲಿಪ್ಪಿನ ಡಬ್ಬಿ, ಬಿಸಿಲೇರಿದ ಮೇಲೆ ಒಂದು ಬೆಕ್ಕು. ಹೆಬ್ಬಗೋಡಿಯ ಸೈಟುಗಳು ಹೆಚ್ಚಿನವು ಹೀಗೇ. ಒಬ್ಬರ ಮನೆ ಒಗ್ಗರಣೆ ಇನ್ನೊಬ್ಬರ ಮೂಗಿಗೆ ಗೊತ್ತು. ಬೆಳಗ್ಗೆ ಆರೂಮುಕ್ಕಾಲಕ್ಕೆ ಆ ಗೋಡೆಯಾಚೆ ಒಂದು ಸದ್ದು ಶುರುವಾಗುತ್ತದೆ. ಟಿಕ್, ಟಿಕ್, ಟಿಕ್. ನೈಟ್ ಶಿಫ್ಟ್ ಮುಗಿಸಿದ ಪಕ್ಕದ ಮನೆ ಹುಡುಗ ಬೈಕ್ ನಿಲ್ಲಿಸಿ ಒಳಗೆ ಹೋಗಿರುತ್ತಾನೆ. ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಅದರ ಬೆಂಡ್ ಪೈಪು ಆರುತ್ತಿರುತ್ತದೆ. ಕಾದು ಹಿಗ್ಗಿದ ಲೋಹ ತಣ್ಣಗಾಗುತ್ತ ಕುಗ್ಗುವಾಗ ಹೀಗೆ ಸದ್ದು ಮಾಡುತ್ತದೆ.

ಬೊಮ್ಮಸಂದ್ರದ ಒಂದು ಕಾರ್ಖಾನೆಯ ಬಾಯ್ಲರ್ ಮತ್ತು ಜನರೇಟರ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವನು ನಾನು. ನನಗೆ ಈ ಸದ್ದು ಹಳೇ ಪರಿಚಯ. ಟಿಕ್‌ಗಳು ಒಂದರ ಹಿಂದೊಂದು ಉದುರಿದರೆ ಪೈಪು ಚೆನ್ನಾಗಿ ಕಾದಿದೆ ಅಂತ ಅರ್ಥ. ಬಿಟ್ಟು ಬಿಟ್ಟು ಬಂದರೆ ಆರುತ್ತಾ ಬಂದಿದೆ ಅಂತ. ಈಗೊಂದು ವರ್ಷದಿಂದ ಆ ಸದ್ದು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ನನ್ನ ಮೊಮ್ಮಗಳ ಕಾಲು. ಅದನ್ನೇ ಹೇಳೋಣ ಅಂತ ಇವತ್ತು ಕೂತೆ.

ಹುಸ್ಕೂರು ಮದ್ದೂರಮ್ಮನ ಜಾತ್ರೆ ಗೊತ್ತಲ್ಲ, ನಮ್ಮ ಆನೇಕಲ್ ಕಡೆಯ ದೊಡ್ಡ ಜಾತ್ರೆ. ಸುತ್ತಲ ಊರುಗಳಿಂದ ನೂರಡಿ ಮೀರಿದ ತೇರುಗಳು ಬರುತ್ತವೆ. ಕತ್ತೆತ್ತಿ ನೋಡಿದರೆ ಟೋಪಿ ಬೀಳಬೇಕು, ಅಷ್ಟೆತ್ತರ. ಆರು ವರ್ಷದ ಮೊಮ್ಮಗಳು ತೇರು ನೋಡಲೇಬೇಕು ಅಂತ ಹಟ ಹಿಡಿದಳು. ಪಕ್ಕದ ಮನೆ ಹುಡುಗ, 'ನಾನ್ ಕರ್ಕೊಂಡ್ ಹೋಗ್ತೀನಿ ಅಂಕಲ್, ನೀವು ಆಟೋದಲ್ಲಿ ಬನ್ನಿ' ಅಂದ. ಕರೆದುಕೊಂಡೂ ಹೋದ. ಅಲ್ಲಿ ಬೈಕ್ ನಿಲ್ಲಿಸಿದ್ದೇ ತಡ, ಮಗು ತೇರು ಕಂಡ ಸಂಭ್ರಮಕ್ಕೆ ಬಲಗಡೆಯಿಂದ ಜಾರಿ ಇಳಿದಿದ್ದಾಳೆ. ಗಿಡ್ಡ ಲಂಗ, ಬರಿಗಾಲು. ಮೀನಖಂಡ ನೇರವಾಗಿ ಪೈಪಿಗೆ ತಾಗಿದೆ. ಒಂದು ಕ್ಷಣವೂ ಆಗಿರಲಾರದು. ತೊಂಡೆಕಾಯಿಯಷ್ಟು ಉದ್ದಕ್ಕೆ ಚರ್ಮ ಬೆಳ್ಳಗಾಗಿ, ನೋಡುತ್ತಿದ್ದ ಹಾಗೇ ಕೆಂಪಾಗಿ ಬೊಬ್ಬೆ ಎದ್ದಿತು.

ಸುತ್ತ ನೆರೆದವರ ಪ್ರೀತಿಗೆ ಕೊರತೆ ಇರಲಿಲ್ಲ. ಒಬ್ಬರು ಟೂತ್‌ಪೇಸ್ಟ್ ಹಚ್ಚಿ ಅಂದರು, ಒಬ್ಬರು ಅರಿಸಿನ ಅಂದರು, ಇನ್ನೊಬ್ಬರು ಶಾಯಿ. ಹುಡುಗ ನನಗೆ ಫೋನ್ ಮಾಡಿದ. ಕಾರ್ಖಾನೆಯ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ವರ್ಷ ವರ್ಷವೂ ಕಲಿಸಿದ್ದನ್ನೇ ಹೇಳಿದೆ: ಏನೂ ಹಚ್ಚಬೇಡ, ಹರಿಯುವ ತಣ್ಣೀರು, 20 ನಿಮಿಷ, ಗಡಿಯಾರ ನೋಡಿಕೊಂಡು. ಐಸ್ ಬೇಡ, ಬೊಬ್ಬೆ ಒಡೆಯಬೇಡ. ಯಾರೋ ಪುಣ್ಯಾತ್ಮರು ಮನೆ ಮುಂದಿನ ನಲ್ಲಿ ಬಿಟ್ಟುಕೊಟ್ಟರು. ನಾನು ಹೋಗಿ ನೋಡಿದಾಗ ಅವನು ನೆಲಕ್ಕೆ ಕೂತು, ಅವಳ ಕಾಲನ್ನು ತನ್ನ ತೊಡೆಯ ಮೇಲಿಟ್ಟು, ನಲ್ಲಿ ಕೆಳಗೆ ಹಿಡಿದುಕೊಂಡೇ ಇದ್ದ. ಪ್ಯಾಂಟು ಪೂರ್ತಿ ನೆನೆದಿತ್ತು. ಮಗುವಿಗಿಂತ ಅವನ ಕಣ್ಣು ಹೆಚ್ಚು ಕೆಂಪಾಗಿತ್ತು. ಅಲ್ಲಿಂದ ನೇರ ಡಾಕ್ಟರ ಹತ್ತಿರ ಹೋಗಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದೆವು.

ಆಮೇಲೆ ಒಂದು ವಾರ ಅವನು ಗೋಡೆ ಹತ್ತಿರವೇ ಬರಲಿಲ್ಲ. ಬಂದ ದಿನ ಕೈಯಲ್ಲೊಂದು ಪಾರ್ಸೆಲ್ ಇತ್ತು. ಒಡೆದರೆ ಎರಡು ಬೆರಳಗಲದ ಕಪ್ಪು ಪಟ್ಟಿಯ ಸುರುಳಿ, ಜೊತೆಗೆ ಒಂದು ಹಿಡಿ ಸ್ಟೀಲ್ ಟೈ.

'ಅಂಕಲ್, ಪೈಪಿಗೆ ಇದನ್ನ ಸುತ್ಬುಡ್ತೀನಿ. ಇನ್ ಯಾರ್ ಕಾಲೂ ಸುಡಲ್ಲ.'

'ಸುತ್ತೋಣ, ಜೊತೆಗೇ ಸುತ್ತೋಣ. ಆದ್ರೆ ಮೊದ್ಲು ಒಂದು ಹೇಳು, ಒಳಗಿರೋ ಬಿಸಿ ಎಲ್ಲೋಗುತ್ತೆ?' ಅಂದೆ.

ನನ್ನ ಸರ್ವೀಸಿನಲ್ಲಿ ಹೊಸದಾಗಿ ಸೇರಿದ ಹುಡುಗರನ್ನೆಲ್ಲ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಇದೇ. ಬಿಸಿ ಸಾಯುವುದಿಲ್ಲ. ಮುಚ್ಚಿದರೆ ಇನ್ನೊಂದು ದಾರಿ ಹುಡುಕುತ್ತದೆ. ಆ ದಾರಿ ಯಾವುದು ಅಂತ ತೀರ್ಮಾನ ಮಾಡುವುದೊಂದೇ ನಮ್ಮ ಕೈಯಲ್ಲಿರುವ ಕೆಲಸ.

ಅದೆಷ್ಟು ಬಿಸಿ ಅಂತ ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವ ಶಕ್ತಿಯನ್ನು ಕರೆಂಟಿನ ಲೆಕ್ಕಕ್ಕೆ ತಂದರೆ ಸುಮಾರು 9 ಯೂನಿಟ್. ಅದರಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚೆಂದರೆ ಮೂರನೇ ಒಂದು ಪಾಲು. ಇನ್ನೊಂದು ಪಾಲು ಎಂಜಿನ್ನಿನ ರೆಕ್ಕೆಗಳಿಂದ ಗಾಳಿಗೆ. ಉಳಿದದ್ದು, ಅಂದಾಜು 3 ಯೂನಿಟ್, ಸೈಲೆನ್ಸರಿನ ಮೂಲಕ ಆಚೆ. ಮನೆಯಲ್ಲಿ 1,500 ವ್ಯಾಟಿನ ನೀರು ಕಾಯಿಸುವ ಕಾಯಿಲ್ ಎರಡು ಗಂಟೆ ಉರಿದರೆ ಎಷ್ಟೋ ಅಷ್ಟು. ಆ ಕಾಯಿಲನ್ನು ಬಲಗಾಲಿನ ಪಕ್ಕದಲ್ಲೇ ಇಟ್ಟುಕೊಂಡು ನಾವು ಆಫೀಸಿಗೆ ಹೋಗಿ ಬರುತ್ತಿದ್ದೇವೆ. ಎಂಜಿನ್ ಮೇಲೆ ಹೊರೆ ಬಿದ್ದಾಗ ಬೆಂಡ್ ಪೈಪಿನ ಬಾಯಿಗೆ ಬರುವ ಹೊಗೆಯ ಬಿಸಿ 600 ಡಿಗ್ರಿ ದಾಟುತ್ತದೆ. ಚರ್ಮಕ್ಕೆ 60 ಡಿಗ್ರಿಯ ನೀರು ಐದು ಸೆಕೆಂಡ್ ಬಿದ್ದರೆ ಸಾಕು, ಸುಟ್ಟೇ ಹೋಗುತ್ತದೆ.

ಗಾಡಿ ಓಡುತ್ತಿದ್ದರೆ ಈ ಝಳ ಗಾಳಿಗೆ ಹಿಂದಕ್ಕೆ ಹಾರಿಹೋಗುತ್ತದೆ. ನಿಂತಾಗಲೇ ಕಷ್ಟ. ನಮ್ಮ ಹೊಸೂರು ರಸ್ತೆಯಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಸಂಜೆ ವೀರಸಂದ್ರದಿಂದ ಹೆಬ್ಬಗೋಡಿಗೆ ಬರುವಷ್ಟರಲ್ಲಿ ಎಷ್ಟು ಸಲ ಕಾಲು ನೆಲಕ್ಕಿಡಬೇಕು ಅಂತ ದಿನಾ ಓಡಾಡುವವರಿಗೆ ಗೊತ್ತು. ಎಡಕ್ಕೆ ಕಂಪನಿ ಬಸ್ಸು, ಬಲಕ್ಕೆ ಕಂಟೇನರ್ ಲಾರಿ, ಕೆಳಗೆ ಕಾದ ಡಾಂಬರು, ಮೊಣಕಾಲಿನ ಪಕ್ಕ ಪೈಪು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡ ಆ ಬೇಸಿಗೆಯಲ್ಲಿ ಸಿಗ್ನಲ್ಲಿನಲ್ಲಿ ಜನ ಬಲಗಾಲನ್ನು ಬೈಕಿನಿಂದ ದೂರ ಚಾಚಿ ನಿಲ್ಲುತ್ತಿದ್ದದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಶುರುವಾಗಿ ನಮ್ಮೂರಿಗೇ ಒಂದು ಸ್ಟೇಷನ್ ಬಂತು, ಬಹಳ ಜನಕ್ಕೆ ಉಪಕಾರವಾಯಿತು. ಆದರೆ ರಾತ್ರಿ ಎರಡಕ್ಕೋ ಮೂರಕ್ಕೋ ಶಿಫ್ಟ್ ಮುಗಿಸುವವರಿಗೆ ಬೈಕೇ ಗತಿ.

ಇನ್ನೊಂದು ಮಾತೂ ಇದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತಲ್ಲ, ಅಲ್ಲಿಂದ ಹೊಗೆ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಕೆಲಸ ಹೆಚ್ಚಾಯಿತು. ಅದು ತಣ್ಣಗಿದ್ದರೆ ಕೆಲಸ ಮಾಡುವುದಿಲ್ಲ. 250–300 ಡಿಗ್ರಿ ಬಿಸಿಯಾದ ಮೇಲೇ ಅದಕ್ಕೆ ಜೀವ ಬರುವುದು. ಅದಕ್ಕೇ ಅದನ್ನು ಎಂಜಿನ್ನಿಗೆ ಹತ್ತಿರವೇ ಕೂರಿಸುತ್ತಾರೆ. ಕೆಲವು ಗಾಡಿಗಳಲ್ಲಿ ಬೆಂಡ್ ಪೈಪಿನಲ್ಲೇ, ಕೆಲವದರಲ್ಲಿ ಸೈಲೆನ್ಸರಿನ ಬಾಯಲ್ಲಿ. ಊರಿನ ಗಾಳಿ ಚೊಕ್ಕಟವಾಗಲು ಪೈಪು ಕಾಯಲೇಬೇಕು. ಇದನ್ನು ಬೈಯುವ ಹಾಗಿಲ್ಲ. ನಮ್ಮ ಮಕ್ಕಳ ಶ್ವಾಸಕೋಶಕ್ಕೆ ಬೇಕಾದ ಬಿಸಿ ಇದು.

ನಮ್ಮ ಕಾಲದಲ್ಲಿ ಹೇಗಿತ್ತು ಅಂತ ಹುಡುಗ ಕೇಳಿದ. ನನ್ನ ಮೊದಲ ಗಾಡಿ ಎಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಿಂದ 1996ರವರೆಗೆ ಆ ಕಾರ್ಖಾನೆ ನಡೆಯಿತು. ಒಂದೇ ಸಿಲಿಂಡರಿಗೆ ಎರಡು ಪೈಪು, ಎಡಕ್ಕೊಂದು ಬಲಕ್ಕೊಂದು. ಟೂ-ಸ್ಟ್ರೋಕ್ ಆದ್ದರಿಂದ ಎಣ್ಣೆ ಸೇರಿದ ಮಸಿ ಒಳಗೆ ಕಟ್ಟಿಕೊಳ್ಳುತ್ತಿತ್ತು. ವರ್ಷಕ್ಕೊಮ್ಮೆ ಸೈಲೆನ್ಸರ್ ಬಿಚ್ಚಿ, ಸೌದೆ ಬೆಂಕಿಗೆ ಹಿಡಿದು, ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿ ತೆಗೆಯುತ್ತಿದ್ದೆವು. ಆಗ ಪೈಪಿಗೆ ಏನಾದರೂ ಸುತ್ತಬೇಕೆಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತಿದ್ದುದು ಒಂದೇ, ಬೆಳ್ಳಗಿನ ಆಸ್ಬೆಸ್ಟಾಸ್ ಹಗ್ಗ. ಕನ್ನಡದಲ್ಲಿ ಅದಕ್ಕೆ ಎಂಥ ಚಂದದ ಹೆಸರು ನೋಡಿ, ಕಲ್ನಾರು. ಕಲ್ಲಿನ ನಾರು. ಜನರೇಟರಿನ ಹೊಗೆ ಕೊಳವೆಗೆ ಅದನ್ನು ನಾನೇ ಬರಿಗೈಯಲ್ಲಿ ಸುತ್ತಿದ್ದೇನೆ. ಅದರ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶಕ್ಕೆ ಹೊಕ್ಕರೆ ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರ್ ಆಗಿ ಏಳಬಹುದು ಅಂತ ಆಮೇಲೆ ತಿಳಿಯಿತು. ನಮ್ಮ ವಿಭಾಗಕ್ಕೆ ರಾಕ್‌ವೂಲ್ ಬಂದು, ಅದರ ಮೇಲೆ ಅಲ್ಯೂಮಿನಿಯಂ ತಗಡಿನ ಹೊದಿಕೆ ಬಂದ ದಿನ ನಾವೆಲ್ಲ ಉಸಿರು ಬಿಟ್ಟೆವು. ಹಳೇ ಗ್ಯಾರೇಜಿನ ಮೂಲೆಯಲ್ಲಿ ಆ ಬೆಳ್ಳನೆ ಹಗ್ಗ ಇನ್ನೂ ಬಿದ್ದಿದ್ದರೆ ದಯವಿಟ್ಟು ಮುಟ್ಟಬೇಡಿ, ಒಣಗಿದ್ದಾಗ ಕೊಡವಲೇಬೇಡಿ.

ಹುಡುಗ ತಂದ ಪಟ್ಟಿ ಕಲ್ನಾರಲ್ಲ ಅಂತ ಮೊದಲು ಖಾತ್ರಿ ಮಾಡಿಕೊಂಡೆ. ಈಗ ಸಿಗುವ ಪಟ್ಟಿಗಳು ಮುಖ್ಯವಾಗಿ ಎರಡು ಬಗೆ. ಒಂದು ಗಾಜಿನ ನಾರಿನದು, 600 ಡಿಗ್ರಿಯ ಆಸುಪಾಸಿನವರೆಗೆ ತಡೆಯುತ್ತದೆ. ಇನ್ನೊಂದನ್ನು ಟೈಟಾನಿಯಂ ಅಂತ ಹೆಸರಿಟ್ಟು ಮಾರುತ್ತಾರೆ. ಅದರಲ್ಲಿರುವುದು ಹೆಚ್ಚಾಗಿ ಬಸಾಲ್ಟ್ ಎಂಬ ಕಪ್ಪು ಶಿಲೆಯನ್ನು ಕರಗಿಸಿ ಎಳೆದ ನಾರು. ವಿಜಯಪುರದ ಗೋಲಗುಮ್ಮಟ ಕಟ್ಟಿದ ಕಲ್ಲಿನ ಜಾತಿಯದೇ. ಜ್ವಾಲಾಮುಖಿಯಿಂದ ಹುಟ್ಟಿದ ಕಲ್ಲಿಗೆ ಬೆಂಕಿಯ ಭಯ ಕಡಿಮೆ. ಇದು ಇನ್ನೂ ಹೆಚ್ಚಿನ ಬಿಸಿ ತಾಳುತ್ತದೆ.

ಭಾನುವಾರ ಬೆಳಗ್ಗೆ ಕೂತೆವು. ಬಕೆಟ್ ನೀರಿಗೆ ಪಟ್ಟಿ ಹಾಕಿ ನೆನೆಯಲು ಬಿಟ್ಟೆ. ಒದ್ದೆಯಾದರೆ ಎಳೆ ಮೆತ್ತಗಾಗಿ ಬಿಗಿಯಾಗಿ ಕೂರುತ್ತದೆ, ಧೂಳೂ ಏಳುವುದಿಲ್ಲ. ಇಬ್ಬರಿಗೂ ಗ್ಲೌಸು, ತುಂಬುತೋಳಿನ ಅಂಗಿ, ಮೂಗಿಗೆ ಮಾಸ್ಕ್. ಗಾಜಿನ ನಾರು ಚರ್ಮಕ್ಕೆ ಚುಚ್ಚಿದರೆ ಎರಡು ದಿನ ತುರಿಕೆ ಬಿಡುವುದಿಲ್ಲ. ಪೈಪನ್ನು ಮರಳು ಕಾಗದದಲ್ಲಿ ಉಜ್ಜಿ, ಎಣ್ಣೆಯ ಪಸೆ ಇಲ್ಲದ ಹಾಗೆ ಒರೆಸಿದೆವು. ಹುಡುಗ ಎಂಜಿನ್ ಕಡೆಯಿಂದ ಸುತ್ತಲು ಹೊರಟ. ನಾನು ಕೈ ಹಿಡಿದೆ.

'ಮಂಗ್ಳೂರು ಹೆಂಚು ಎಲ್ಲಿಂದ ಹೊದಿಸ್ತಾರೆ? ಸೂರಿನಿಂದ ಮೇಲಕ್ಕಾ, ಮೇಲಿಂದ ಸೂರಿಗಾ?'

ಅಷ್ಟಕ್ಕೇ ಅವನಿಗೆ ಅರ್ಥವಾಯಿತು. ಸೈಲೆನ್ಸರ್ ಕಡೆಯಿಂದ ಶುರು ಮಾಡಿ ಮೇಲಕ್ಕೆ, ಎಂಜಿನ್ ಕಡೆಗೆ ಹೋಗಬೇಕು. ಆಗ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂರುತ್ತದೆ. ಎದುರುಗಾಳಿ, ಮಳೆನೀರು, ಸಣ್ಣ ಕಲ್ಲು ಎಲ್ಲ ಜಾರಿ ಹೋಗುತ್ತವೆ, ಸಂದಿಗೆ ಹೊಕ್ಕುವುದಿಲ್ಲ. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಕಿರುಬೆರಳಿನಷ್ಟು ಏರಬೇಕು. ಹೆಚ್ಚು ಏರಿಸಿದರೆ ದಪ್ಪವಾಗಿ ಕಾವು ಒಳಗೇ ಕಟ್ಟಿಕೊಳ್ಳುತ್ತದೆ. ಅವನು ಪೈಪಿನ ಸುತ್ತ ಪಟ್ಟಿ ತಿರುಗಿಸುತ್ತ ಬಂದ, ನಾನು ಬಿಗಿ ಹಿಡಿದೆ. ಮೊನ್ನೆ ಆಸ್ಪತ್ರೆಯಲ್ಲಿ ನರ್ಸಮ್ಮ ಮಗುವಿನ ಕಾಲಿಗೆ ಸುತ್ತಿದ್ದೂ ಹೀಗೇ, ಕೆಳಗಿನಿಂದ ಮೇಲಕ್ಕೆ, ಒಂದರ ಮೇಲೊಂದು. ಇಬ್ಬರಿಗೂ ಅದೇ ನೆನಪಾಯಿತು ಅಂತ ಕಾಣುತ್ತದೆ, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೊಗೆಯ ಆಮ್ಲಜನಕ ಅಳೆಯುವ ಸೆನ್ಸರ್ ಕೂರುವ ಜಾಗ ಬಿಟ್ಟೆವು. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಜಾಗವನ್ನು ಮುಟ್ಟಲೇ ಇಲ್ಲ. ಅದರೊಳಗೆ ಮೊದಲೇ ಉರಿ ಜಾಸ್ತಿ. ಹೊದಿಕೆ ಹಾಕಿ ಇನ್ನೂ ಕಾಯಿಸಿದರೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಬಳಿದ ಒಳಮೈ ಕೆಡುತ್ತದೆ, ಹೊಗೆ ತೊಳೆಯುವ ಕೆಲಸ ನಿಂತುಹೋಗುತ್ತದೆ.

ಗಾಡಿ ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೆ ಪಟ್ಟಿಯಿಂದ ಹೊಗೆ ಎದ್ದಿತು. ಗೋಡೆಯಾಚೆಯಿಂದ ಹುಡುಗನ ಅಜ್ಜಿ ಓಡಿಬಂದರು. ಭಯ ಪಡಬೇಡಿ, ನಾರಿಗೆ ಹಚ್ಚಿದ ಅಂಟು ಸುಡುತ್ತಿದೆ, ಒಂದೆರಡು ಸಲ ಓಡಿಸಿದರೆ ನಿಲ್ಲುತ್ತದೆ ಅಂದೆ. ಅಜ್ಜಿ ಪೈಪನ್ನೇ ನೋಡುತ್ತ, 'ಸೌದೆ ಒಲೆ ಮೇಲೆ ಇಡೋ ಮುಂಚೆ ನಾವು ಪಾತ್ರೆ ಹೊರಗಡೆ ಕೆಮ್ಮಣ್ಣು ಮೆತ್ತ್‌ತಿದ್ವಲ್ಲ, ಅಂಗೈತೆ' ಅಂದರು. ಎಷ್ಟು ಸರಿಯಾದ ಮಾತು! ಮಸಿ ಸುಲಭವಾಗಿ ಬಿಡಲಿ ಅಂತ ಮೆತ್ತುತ್ತಿದ್ದ ಆ ಮಣ್ಣೂ ಒಂದು ಕೋಟಿಂಗೇ. ಬೆಂಕಿಗೂ ಲೋಹಕ್ಕೂ ನಡುವೆ ಒಂದು ಪದರ ಇಡಬೇಕು ಅನ್ನುವ ಬುದ್ಧಿ ನಮ್ಮ ಅಡುಗೆಮನೆಗೆ ಯಾವತ್ತೋ ಬಂದಿತ್ತು.

ಪಟ್ಟಿಯಿಂದ ಉಪಯೋಗ ಆಯಿತೇ ಅಂದರೆ, ಆಯಿತು. ಬೇಸಿಗೆ ಪೂರ್ತಿ ಹುಡುಗ ಸಂತೋಷವಾಗಿದ್ದ. ಸಿಗ್ನಲ್ಲಿನಲ್ಲಿ ಕಣಕಾಲಿಗೆ ಬಡಿಯುತ್ತಿದ್ದ ಝಳ ತಗ್ಗಿತ್ತು. ಇದರ ಹಿಂದೆ ಒಂದು ಲೆಕ್ಕ ಇದೆ. ಕಾದ ವಸ್ತುವಿನಿಂದ ಹೊಮ್ಮುವ ಕಿರಣದ ಶಾಖ ಕೆಲ್ವಿನ್ ಲೆಕ್ಕದಲ್ಲಿ ಅದರ ಉಷ್ಣತೆಯ ನಾಲ್ಕನೇ ಘಾತಕ್ಕೆ ಏರುತ್ತದೆ. ಹೊರಮೈ 300 ಡಿಗ್ರಿಯಿಂದ 200ಕ್ಕೆ ಇಳಿದರೆ ಆ ಝಳ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಜೊತೆಗೆ ನಾರು ಲೋಹದ ಹಾಗೆ ಬಿಸಿಯನ್ನು ಥಟ್ಟನೆ ಚರ್ಮಕ್ಕೆ ದಾಟಿಸುವುದಿಲ್ಲ. ಮಳೆಗಾಲದಲ್ಲಿ ರೇನ್‌ಕೋಟಿನ ಅಂಚು ಪೈಪಿಗೆ ಅಂಟಿ ಕರಗುವ ಆ ಕಮಟು ವಾಸನೆ ಯಾರಿಗೆ ಗೊತ್ತಿಲ್ಲ? ಅದೂ ನಿಂತಿತು.

ಆದರೂ ಹುಡುಗನಿಗೆ ಸಮಾಧಾನ ಇಲ್ಲ, ನೋಡಲು ಇನ್ನೂ ಚೆನ್ನಾಗಿರಬೇಕು. ಒಂದು ದಿನ ಬಂದು, 'ಅಂಕಲ್, ಬೊಮ್ಸಂದ್ರದಲ್ಲಿ ಪೌಡರ್ ಕೋಟಿಂಗ್ ಮಾಡ್ತಾರಲ್ಲ, ಪಟ್ಟಿ ಬದ್ಲು ಅದನ್ನೇ ಮಾಡ್ಸಿದ್ರೆ?' ಅಂದ. ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಅಂಥ ಶೆಡ್ಡುಗಳು ಬೇಕಾದಷ್ಟಿವೆ. ಗೇಟು, ಪ್ಯಾನೆಲ್ ಬಾಕ್ಸು, ಕುರ್ಚಿಯ ಕಾಲು, ಎಲ್ಲಕ್ಕೂ ಅಲ್ಲಿ ಬಣ್ಣದ ಪುಡಿ ಹಿಡಿಸಿ ಒಲೆಯಲ್ಲಿ ಬೇಯಿಸುತ್ತಾರೆ. ಬೇಯಿಸುವ ಬಿಸಿಯೇ ಸುಮಾರು 180–200 ಡಿಗ್ರಿ. ಅಷ್ಟರಲ್ಲಿ ಹುಟ್ಟುವ ಪೊರೆ ಬೆಂಡ್ ಪೈಪಿನ ಕಾವಿಗೆ ಉಳಿದೀತೇ? ಒಂದೇ ದಿನದಲ್ಲಿ ಕಪ್ಪಗೆ ಸುಟ್ಟು ಸಿಪ್ಪೆ ಏಳುತ್ತದೆ. ಬೈಕಿನ ಚಾಸಿಗೆ ಅದು ಚೆನ್ನ, ಬೆಂಡ್ ಪೈಪಿಗೆ ಬೇಡ.

ಡಬ್ಬಿಯಲ್ಲಿ ಸಿಗುವ ಬೆಳ್ಳಿಬಣ್ಣದ ಹೀಟ್ ಪೇಂಟ್ ಬೇರೆ. ಅದು ಸಿಲಿಕೋನ್ ರಾಳಕ್ಕೆ ಅಲ್ಯೂಮಿನಿಯಂ ಪುಡಿ ಬೆರೆಸಿದ್ದು, 600 ಡಿಗ್ರಿಯವರೆಗೂ ನಿಲ್ಲುತ್ತದೆ. ಹಚ್ಚಿದ ಮೇಲೆ ಎಂಜಿನ್ನನ್ನು ಸ್ವಲ್ಪ ಓಡಿಸಿ ಆರಿಸಿ, ಮತ್ತೆ ಸ್ವಲ್ಪ ಹೆಚ್ಚು ಓಡಿಸಿ ಆರಿಸಿ, ಹಂತ ಹಂತವಾಗಿ ಹದ ಮಾಡಬೇಕು. ಅದು ತುಕ್ಕು ತಡೆಯುತ್ತದೆ. ಬಿಸಿ ತಡೆಯುವುದಿಲ್ಲ, ಪದರ ಅಷ್ಟು ತೆಳು. ಕಪ್ಪು ಮ್ಯಾಟ್ ಬಣ್ಣ ಚಂದ ಅಂತ ಬಳಿಯುವವರು ಒಂದು ವಿಷಯ ತಿಳಿದಿರಲಿ: ಒಂದೇ ಉಷ್ಣತೆಯಲ್ಲಿ ಕಪ್ಪು ಮೈ ಝಳವನ್ನು ಧಾರಾಳವಾಗಿ ಬೀರುತ್ತದೆ, ಹೊಳೆಯುವ ಕ್ರೋಮ್ ತಡೆದು ತಡೆದು ಕೊಡುತ್ತದೆ. ಕಾರ್ಖಾನೆಯ ಹಳೇ ಗೆಳೆಯರೊಬ್ಬರು ತಂದ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಹೊಳೆಯುವ ಸೈಲೆನ್ಸರಿನ ಕಡೆ ಹಿಡಿದಾಗ ಅದು ತೀರಾ ಕಡಿಮೆ ತೋರಿಸಿತು. ಹುಡುಗ ಹಿಗ್ಗಿದ. ನಾನು ಅಲ್ಲೇ ಉಗುರಿನಷ್ಟು ಜಾಗಕ್ಕೆ ಕಪ್ಪು ಹೀಟ್ ಪೇಂಟ್ ಹಚ್ಚಿಸಿ ಆಮೇಲೆ ಹಿಡಿ ಅಂದೆ, ಅಂಕಿ ಸರ್ರನೆ ಏರಿತು. ಹೊಳೆಯುವ ಮೈ ತನ್ನ ಕಾವನ್ನು ಆ ಯಂತ್ರಕ್ಕೆ ತೋರಿಸುವುದಿಲ್ಲ. ಅಂಕಿ ಕಡಿಮೆ ಕಂಡಿತು ಅಂತ ಕೈ ಇಟ್ಟವನ ಬೆರಳು ಮಾತ್ರ ಸುಡುತ್ತದೆ.

ಇನ್ನು ಸೆರಾಮಿಕ್ ಕೋಟಿಂಗ್. ಜೆಟ್ ಎಂಜಿನ್ನಿನ ರೆಕ್ಕೆಗಳ ಮೇಲೆ ಪ್ಲಾಸ್ಮಾ ಉರಿಯಲ್ಲಿ ಸಿಂಪಡಿಸುವ ಜಿರ್ಕೋನಿಯಾ ಇದೆಯಲ್ಲ, ಆ ಕುಲದ್ದು. ಉಕ್ಕಿಗಿಂತ ಹತ್ತಾರು ಪಟ್ಟು ಕಡಿಮೆ ಬಿಸಿ ದಾಟಿಸುತ್ತದೆ. ಪೈಪನ್ನು ಬಿಚ್ಚಿ, ಮರಳು ಚಿಮ್ಮಿಸಿ ಒರಟು ಮಾಡಿ, ಸಾಧ್ಯವಾದರೆ ಒಳಗೂ ಹೊರಗೂ ಹಚ್ಚಬೇಕು. ನೀರು ಹಿಡಿದಿಡುವುದಿಲ್ಲ, ತುಕ್ಕಿನ ಚಿಂತೆ ಇಲ್ಲ, ನೋಡಲೂ ಅಂದ. ನನ್ನನ್ನು ಕೇಳಿದರೆ ಪಟ್ಟಿಗಿಂತ ಇದು ಮೇಲು. ಆದರೆ ಖರ್ಚು ಹೆಚ್ಚು. ಕೂದಲೆಳೆಯ ಒಂದೆರಡು ಪಟ್ಟಿನಷ್ಟು ತೆಳುವಾಗಿ ಹಚ್ಚಿದ್ದರಿಂದ ಕಾಲು ಸುಡುವುದು ಪೂರ್ತಿ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಝಳ ತಗ್ಗುತ್ತದೆ, ಪೈಪು ಮುಟ್ಟುವ ಹಾಗೆ ಆಗುವುದಿಲ್ಲ.

ಜೂನ್ ಬಂತು, ಮಳೆ ಹಿಡಿಯಿತು. ಹೆಬ್ಬಗೋಡಿಯ ಒಳರಸ್ತೆಗಳಲ್ಲಿ ಮೊಣಕಾಲುದ್ದ ನೀರು ನಿಂತ ದಿನಗಳೂ ಇದ್ದವು. ಹುಡುಗ ದಿನಾ ಅದರಲ್ಲೇ ಬಂದ, ಅದರಲ್ಲೇ ಹೋದ. ಭಾನುವಾರ ವಾಟರ್ ಸರ್ವೀಸು. ನನಗೆ ಒಳಗೊಳಗೇ ಅಳುಕು, ಒದ್ದೆ ಪಟ್ಟಿಯನ್ನು ಒಣಗಿಸದೆ ನಿಲ್ಲಿಸಬೇಡ, ಸ್ವಲ್ಪ ದೂರ ಓಡಿಸಿ ಬಾ ಅಂತ ಹೇಳುತ್ತಲೇ ಇದ್ದೆ. ನೈಟ್ ಶಿಫ್ಟ್ ಮುಗಿಸಿ ಕಣ್ಣು ಎಳೆಯುವವನಿಗೆ ಅದೆಲ್ಲ ಎಲ್ಲಿ ಸಾಧ್ಯ?

ಆಯುಧಪೂಜೆಯ ಹಿಂದಿನ ಸಂಜೆ ಗಾಡಿ ತೊಳೆಯುತ್ತಿದ್ದ. ಪಟ್ಟಿ ಕೊಳೆಯಾಗಿದೆ, ಹೊಸದು ಸುತ್ತೋಣ ಅಂತ ಹಳೆಯದನ್ನು ಬಿಚ್ಚಿದ. ನಾನು ಈ ಕಡೆಯಿಂದ ನೋಡುತ್ತಿದ್ದೆ. ಮೊದಲ ಸುತ್ತು ಬಿಚ್ಚಿದಾಗ ಕೆಂಪು ನೀರು ಇಳಿಯಿತು. ಎರಡನೇ ಸುತ್ತಿಗೆ ತುಕ್ಕಿನ ಚಕ್ಕೆಗಳು ಉದುರಿ ಗ್ರಾನೈಟ್ ಮೆಟ್ಟಿಲ ಮೇಲೆ ಬಿದ್ದವು, ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ. ಬಾಗಿದ ಭಾಗದ ಕೆಳಮೈಯಲ್ಲಿ, ನೀರು ಇಳಿದು ನಿಲ್ಲುವ ಕಡೆ, ಸ್ಕ್ರೂಡ್ರೈವರ್ ಒತ್ತಿದರೆ ಪೈಪು ಒಳಕ್ಕೆ ಬಗ್ಗುತ್ತಿತ್ತು. ಸ್ಪಂಜಿನ ಹಾಗೆ ನೀರು ಹೀರಿದ ಪಟ್ಟಿ, ಅದರ ಒಳಗೆ ಹೊರಗಿಗಿಂತ ಹೆಚ್ಚು ಕಾದ ಸಾದಾ ಉಕ್ಕು. ತುಕ್ಕಿಗೆ ಇನ್ನೇನು ಬೇಕು? ಕಾಲಿಗೆ ಹೋಗದ ಬಿಸಿಯಲ್ಲಿ ಬಹುಪಾಲು ಹೊಗೆಯ ಜೊತೆ ಆಚೆ ಹೋಯಿತು ನಿಜ. ಉಳಿದದ್ದು ಪೈಪಿನ ಮೈಯನ್ನೇ ತಿಂದಿತ್ತು. ನಾನು ಮೊದಲ ದಿನ ಕೇಳಿದ ಪ್ರಶ್ನೆಗೆ ಉತ್ತರ ಆ ಮೆಟ್ಟಿಲ ಮೇಲೆ ಉದುರಿ ಬಿದ್ದಿತ್ತು.

ಹುಡುಗ ಚಕ್ಕೆಗಳನ್ನು ಅಂಗೈಗೆ ಎತ್ತಿಕೊಂಡು ಬಹಳ ಹೊತ್ತು ನೋಡಿದ. 'ಎಲ್ಲ ಸರಿ ಮಾಡಿದೆ ಅಂದ್ಕೊಂಡಿದ್ದೆ ಅಂಕಲ್' ಅಂದ. ಸರಿಯಾದ ಮನಸ್ಸಿನಿಂದಲೇ ಮಾಡಿದ್ದೀಯ, ಉಳಿದದ್ದನ್ನು ಈಗ ಮಾಡೋಣ ಅಂದೆ.

ಹೊಸ ಬೆಂಡ್ ಪೈಪು ಹಾಕಿಸಿದ. ಈ ಸಲ ಪಟ್ಟಿ ಇಲ್ಲ. ನಾನು ಹೇಳಿದ್ದು ಬಾಯ್ಲರ್ ಮನೆಯಲ್ಲಿ ಕಲಿತ ಹಳೇ ಪಾಠ: ಬಿಸಿ ತಡೆಯಲು ಗಾಳಿಗಿಂತ ಅಗ್ಗದ ಹೊದಿಕೆ ಇಲ್ಲ. ಉಣ್ಣೆಯ ಕಂಬಳಿ ನಮ್ಮನ್ನು ಬೆಚ್ಚಗಿಡುವುದು ನಾರುಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಆ ಗಾಳಿಯನ್ನೂ ತೆಗೆದುಬಿಟ್ಟರೆ ಇನ್ನೂ ಉತ್ತಮ ಅಂತ ಕಂಡುಕೊಂಡವನು ಜೇಮ್ಸ್ ಡ್ಯೂವರ್, 1892ರಲ್ಲಿ; ನಮ್ಮ ಮನೆಗಳ ಫ್ಲಾಸ್ಕ್ ಬಂದದ್ದು ಅಲ್ಲಿಂದ. ಉಪಗ್ರಹಗಳಿಗೆ ಹೊದಿಸುವ ಬಂಗಾರದ ಬಣ್ಣದ ಹಾಳೆ ನೋಡಿದ್ದೀರಲ್ಲ, ಅದರಲ್ಲೂ ಇದೇ ಉಪಾಯ. ತೆಳ್ಳನೆಯ ಹೊಳೆಯುವ ಪದರಗಳು, ಎರಡು ಪದರದ ಮಧ್ಯೆ ಬರಿ ಜಾಗ. ದೇಶದ ಮೊದಲ ಉಪಗ್ರಹ ಆರ್ಯಭಟ 1975ರಲ್ಲಿ ಹಾರುವ ಮುಂಚೆ ಕೈಕಾಲು ಮೂಡಿಸಿಕೊಂಡದ್ದು ನಮ್ಮ ಪೀಣ್ಯದ ಶೆಡ್ಡುಗಳಲ್ಲಿ. ಬಿಸಿಯನ್ನು ಹದದಲ್ಲಿಡುವ ವಿದ್ಯೆ ಈ ಊರಿನ ಶೆಡ್ಡುಗಳಿಗೆ ಹೊಸದಲ್ಲ ಅಂತ ಹುಡುಗನಿಗೆ ಹೇಳಿದೆ, ಅವನ ಮುಖ ಅರಳಿತು.

ಬೊಮ್ಮಸಂದ್ರದ ಒಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ 1 ಮಿಲಿಮೀಟರ್ ಸ್ಟೇನ್‌ಲೆಸ್ ತಗಡು ಕತ್ತರಿಸಿಕೊಂಡೆವು. ಪೈಪಿನ ಬಾಗಿಗೆ ಸರಿಯಾಗಿ ಅರ್ಧ ಬಳೆಯ ಹಾಗೆ ಬಗ್ಗಿಸಿದರು. ಕಾಲಿಗೆ ಕುಯ್ಯದಿರಲೆಂದು ಅಂಚನ್ನೆಲ್ಲ ಸೀರೆಯ ಸೆರಗು ಮಡಿಸಿ ಹೊಲಿದ ಹಾಗೆ ಒಳಕ್ಕೆ ಮಡಿಸಿದರು. ಪೈಪಿಗೂ ತಗಡಿಗೂ ನಡುವೆ ಒಂದು ಬೆರಳಿನಷ್ಟು ಸಂದು. ಹಿಡಿಕೆಗೆ ಎರಡು ಕ್ಲಿಪ್ಪು, ಲೋಹ ಲೋಹಕ್ಕೆ ತಾಗದಂತೆ ಅಭ್ರಕದ ವಾಷರು. ಮೇಲೂ ಕೆಳಗೂ ತೆರೆದೇ ಇರಬೇಕು. ಬಿಸಿಯಾದ ಗಾಳಿ ಮೇಲಕ್ಕೆ ಹೋಗಿ ಕೆಳಗಿನಿಂದ ತಣ್ಣನೆಯದು ಬರುತ್ತಿದ್ದರೆ ತಗಡು ತಾನೇ ತಂಪಾಗಿರುತ್ತದೆ. ನೀರು ನಿಲ್ಲುವ ಮಾತೇ ಇಲ್ಲ. ಎಲೆಕ್ಟ್ರಾನಿಕ್ ಸಿಟಿವರೆಗೆ ಹೋಗಿ ಬಂದ ಮೇಲೆ ನಾನು ಕೈಯ ಹಿಂಬದಿಯನ್ನು ಮೊದಲು ಹತ್ತಿರ ತಂದು, ಆಮೇಲೆ ಮೆಲ್ಲನೆ ತಗಡಿಗೆ ತಾಗಿಸಿದೆ. ಬಿಸಿ ಇತ್ತು, ಐದು ಎಣಿಸುವವರೆಗೂ ತೆಗೆಯಬೇಕು ಅನ್ನಿಸಲಿಲ್ಲ. ಪೈಪಿನ ಕೆಲಸಕ್ಕೆ ಪೈಪು ಕಾದಿದೆ, ಕಾಲಿಗೆ ಬೇಕಾದ್ದು ಕಾಲಿಗೆ ಸಿಕ್ಕಿದೆ. ಹೊಸ ಗಾಡಿ ಕೊಳ್ಳುವವರು ಇಂಥ ತಗಡು ಕಂಪನಿಯಿಂದಲೇ ಇದೆಯೇ, ಎಲ್ಲಿಯವರೆಗೆ ಮುಚ್ಚಿದೆ ಅಂತ ಮೊದಲು ಬಗ್ಗಿ ನೋಡಬೇಕು ಅಂತ ನನ್ನ ಆಸೆ. ಪೈಪು ಇದ್ದಕ್ಕಿದ್ದಂತೆ ಹೆಚ್ಚು ಕಾಯಲು ಶುರುವಾದರೆ ಹೊದಿಕೆ ಹುಡುಕುವ ಮುಂಚೆ ಮೆಕ್ಯಾನಿಕ್ ಹತ್ತಿರ ಹೋಗಿ. ಪೆಟ್ರೋಲಿಗೆ ಗಾಳಿ ಹೆಚ್ಚಾದರೂ, ಕಿಡಿ ತಡವಾದರೂ ಪೈಪು ಉರಿಯುತ್ತದೆ.

ಹಿಂದೆ ಕೂರುವವರ ಬಗ್ಗೆ ನಮ್ಮ ಕಾನೂನಿಗೂ ಕಾಳಜಿ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯದು ಹಿಂಬದಿ ಸವಾರರಿಗೆ ಹಿಡಿಕೆ, ಪಾದವಿಡಲು ಜಾಗ, ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ತಡೆ ಕಡ್ಡಾಯ ಅನ್ನುತ್ತದೆ. ಸೀರೆ ಗಾರ್ಡ್ ನಮ್ಮ ಬೈಕುಗಳಿಗೆ ಹಾಗೆ ಒಗ್ಗಿದೆ. ಸೆರಗನ್ನು ಕಾಯುವ ನಾಡು ಮಗುವಿನ ಕಾಲನ್ನೂ ಕಾಯಬೇಕು. ಅದಕ್ಕೆ ನಿಯಮ ಬರುವವರೆಗೂ ಕಾಯಬೇಕಾಗಿಲ್ಲ. ನಮ್ಮಲ್ಲಿ ಹೆಚ್ಚಿನ ಬೈಕುಗಳ ಸೈಲೆನ್ಸರ್ ಬಲಕ್ಕಿರುತ್ತದೆ. ಮಕ್ಕಳನ್ನು ಎಡಗಡೆಯಿಂದಲೇ ಹತ್ತಿಸಿ, ಎಡಗಡೆಯಿಂದಲೇ ಇಳಿಸಿ. ಇಳಿಯುವ ಮುಂಚೆ ಹೆಸರು ಹಿಡಿದು ಕೂಗಿ ಹೇಳಿ.

ಮೊಮ್ಮಗಳ ಕಾಲಿನ ಗುರುತು ಈಗ ಮಾಸಿ, ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ. ಕಾಂಪೌಂಡಿನ ಮೇಲೆ ಕೂತು ಪಕ್ಕದ ಮನೆ ಹುಡುಗನ ಜೊತೆ ಹರಟುತ್ತಾಳೆ, ಅಲ್ಲಿಂದಲೇ ಬೈಕಿನ ಎಡಗಡೆಗೆ ಜಿಗಿದು ಸೀಟಿಗೆ ಕೂರುತ್ತಾಳೆ. ಅವನು ಮಾತ್ರ ಒಂದು ಅಭ್ಯಾಸ ಮಾಡಿಕೊಂಡಿದ್ದಾನೆ. ನೈಟ್ ಶಿಫ್ಟ್ ಮುಗಿಸಿ ಬಂದಾಗ ಎಷ್ಟೇ ನಿದ್ದೆ ಇರಲಿ, ಬೈಕನ್ನು ಎರಡು ಸಲ ಹಿಂದೆ ಮುಂದೆ ಮಾಡಿ, ಸೈಲೆನ್ಸರ್ ಇರುವ ಬಲಮಗ್ಗುಲನ್ನು ಆ ಕಡೆಯ ಖಾಲಿ ಗೋಡೆಗೆ ತಿರುಗಿಸಿ ನಿಲ್ಲಿಸುತ್ತಾನೆ. ಆ ಮಗ್ಗುಲಲ್ಲಿ ಯಾರೂ ಓಡಾಡುವುದಿಲ್ಲ. ಟಿಕ್, ಟಿಕ್ ಸದ್ದು ಈಗಲೂ ಬರುತ್ತದೆ, ಸ್ವಲ್ಪ ದೂರದಿಂದ. ನಾನು ಕಾಫಿ ಕುಡಿಯುತ್ತ ಅದು ಪೂರ್ತಿ ನಿಲ್ಲುವವರೆಗೂ ಕೇಳುತ್ತೇನೆ.